ಸಿಆರ್‌ಪಿ ರಿಪೋರ್ಟಿನ ಹಿಂದೆ: ರಕ್ತದಲ್ಲಿ ಉರಿಯೂತವನ್ನು ಅಳೆಯುವುದು ಹೇಗೆ?

ಮಳೆಗಾಲ ಹಿಡಿದರೆ ಸಕಲೇಶಪುರ, ಆಲೂರು ಭಾಗದ ಆಸ್ಪತ್ರೆಗಳಲ್ಲಿ ಜ್ವರದವರ ಸರದಿ ಉದ್ದವಾಗುತ್ತದೆ. ಡೆಂಗಿ, ಇಲಿ ಜ್ವರ, ನ್ಯುಮೋನಿಯಾ, ಸಾಮಾನ್ಯ ವೈರಲ್ ಜ್ವರ: ಮೊದಲ ಒಂದೆರಡು ದಿನ ಇವೆಲ್ಲ ಹೆಚ್ಚುಕಡಿಮೆ ಒಂದೇ ಥರ. ಕಾಫಿ ತೋಟದ ಕೆಸರು ತುಳಿದವರಿಗೂ ಪೇಟೆಯ ಅಂಗಡಿಯಲ್ಲಿ ಕೂತವರಿಗೂ ಅದೇ ಚಳಿ, ಅದೇ ಮೈಕೈ ನೋವು. ಆಗ ವೈದ್ಯರ ಚೀಟಿಯಲ್ಲಿ ರಕ್ತಕಣಗಳ ಎಣಿಕೆಯ ಜೊತೆಗೆ ‘ಸಿಆರ್‌ಪಿ’ ಎಂದೂ ಇರುತ್ತದೆ. ರಿಪೋರ್ಟಿನಲ್ಲಿ 6, 48, 150 ಹೀಗೆ ಒಂದು ಸಂಖ್ಯೆ ಬರುತ್ತದೆ. ಆಂಟಿಬಯೋಟಿಕ್ ಕೊಡಬೇಕೇ, ಹಾಸನಕ್ಕೆ ಕಳಿಸಬೇಕೇ ಎಂಬ ತೀರ್ಮಾನದಲ್ಲಿ ಆ ಸಂಖ್ಯೆಗೂ ಪಾಲಿದೆ. ಹಾಗಾಗಿ ಅದು ಹೇಗೆ ಹುಟ್ಟುತ್ತದೆ, ಎಷ್ಟು ನಂಬಬಹುದು ಎಂಬುದು ರೋಗಿಯ ಮನೆಯವರಿಗೂ ಗೊತ್ತಿರಬೇಕು.

ಅಳೆಯುವುದು ಏನನ್ನು?

ದೇಹದಲ್ಲಿ ಸೋಂಕು ತಗುಲಿದಾಗ ಅಥವಾ ಅಂಗಾಂಶಕ್ಕೆ ಪೆಟ್ಟಾದಾಗ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಣ್ಣ ಪ್ರೋಟೀನನ್ನು ಹೊರಬಿಡುತ್ತವೆ. ಅದು ತಲುಪಿದ ಕೂಡಲೇ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿಯನ್ನು ತಯಾರಿಸತೊಡಗುತ್ತದೆ. ಸುಮಾರು ಆರು ಗಂಟೆಯಲ್ಲಿ ರಕ್ತದಲ್ಲಿ ಏರಿಕೆ ಕಾಣುತ್ತದೆ. ಎರಡು ದಿನದ ಹೊತ್ತಿಗೆ ಅದು ತುದಿ ಮುಟ್ಟುತ್ತದೆ. ಉರಿಯೂತ ನಿಂತರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ 1930ರಲ್ಲಿ ಇದನ್ನು ಗುರುತಿಸಿದರು. ನ್ಯುಮೋನಿಯಾ ರೋಗಿಗಳ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ) ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ‘ಸಿ’ ಎಂಬ ಅಂಶದೊಡನೆ ಸೇರಿ ಗಷ್ಟು ಕಟ್ಟುತ್ತಿತ್ತು. ರೋಗಿ ಗುಣವಾದಂತೆ ಅದು ಮಾಯವಾಗುತ್ತಿತ್ತು. ಇಂದಿನ ಪರೀಕ್ಷೆಗಳ ಮೂಲ ಇದೇ.

ಹಳೆಯ ಇಎಸ್‌ಆರ್ ಪರೀಕ್ಷೆಯೂ ಉರಿಯೂತ ತೋರಿಸುತ್ತದೆ. ಆದರೆ ರಕ್ತಹೀನತೆಯಿದ್ದರೆ, ಗರ್ಭಿಣಿಯಾಗಿದ್ದರೆ ಉರಿಯೂತವಿಲ್ಲದೆಯೂ ಇಎಸ್‌ಆರ್ ಏರಬಹುದು, ಕಾಯಿಲೆ ಇಳಿದರೂ ನಿಧಾನವಾಗಿ ಇಳಿಯುತ್ತದೆ. ಸಿಆರ್‌ಪಿ ರಕ್ತಹೀನತೆಗೆ ಹಾಗೆ ಬಗ್ಗುವುದಿಲ್ಲ.

ಗಾಜಿನ ಮೇಲಿಂದ ಯಂತ್ರದವರೆಗೆ

ಎಲ್ಲ ವಿಧಾನಗಳ ಹೃದಯ ಒಂದೇ: ಸಿಆರ್‌ಪಿಯನ್ನು ಮಾತ್ರ ಹಿಡಿಯುವ ಪ್ರತಿಕಾಯ. ಬೀಗಕ್ಕೆ ಕೀಲಿ ಕೂರುವಂತೆ ಅದು ತನ್ನ ಪ್ರೋಟೀನಿಗೆ ಕೂರುತ್ತದೆ. ಮೇಕೆ, ಮೊಲಗಳಿಂದ ಇದನ್ನು ಪಡೆಯುತ್ತಾರೆ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಕಂಡುಕೊಂಡ ವಿಧಾನದಿಂದ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವುದೂ ಸಾಧ್ಯವಾಯಿತು.

ಸಣ್ಣ ಲ್ಯಾಬಿಗೆ ಹೊಂದುವುದು ಲೇಟೆಕ್ಸ್ ಪರೀಕ್ಷೆ. ಪ್ರತಿಕಾಯ ಅಂಟಿಸಿದ ಸೂಕ್ಷ್ಮ ಲೇಟೆಕ್ಸ್ ಕಣಗಳ ಒಂದು ಹನಿ, ಸೀರಮ್ಮಿನ ಒಂದು ಹನಿ ಸ್ಲೈಡ್ ಮೇಲೆ ಬೆರೆಸಿ ಎರಡು ನಿಮಿಷ ಅಲ್ಲಾಡಿಸುತ್ತಾರೆ. ಸಾಕಷ್ಟು ಸಿಆರ್‌ಪಿ ಇದ್ದರೆ ಕಣಗಳು ಒಂದನ್ನೊಂದು ಹಿಡಿದು ಬರಿಗಣ್ಣಿಗೇ ಗುಂಪಾಗಿ ಕಾಣುತ್ತವೆ. ಲೀಟರಿಗೆ 6 ಮಿಲಿಗ್ರಾಂ ಇದ್ದರೆ ಗುಂಪುಗಟ್ಟುವ ಕಿಟ್‌ನಲ್ಲಿ, ಸೀರಮ್ಮನ್ನು ನಾಲ್ಕು ಪಟ್ಟು ತೆಳುವಾಗಿಸಿದ ಮೇಲೂ ಗುಂಪು ಕಟ್ಟಿ ಎಂಟು ಪಟ್ಟಿಗೆ ನಿಂತರೆ ಉತ್ತರ ಸುಮಾರು 24. ಇದು ಅಂದಾಜು. ದೊಡ್ಡ ಲ್ಯಾಬಿನ ಯಂತ್ರ ಇದೇ ಮಿಶ್ರಣದ ಮೂಲಕ ಬೆಳಕು ಹಾಯಿಸಿ, ಎಷ್ಟು ಮಬ್ಬಾಯಿತು ಎಂಬುದರಿಂದ ನಿಖರ ಸಂಖ್ಯೆ ಕೊಡುತ್ತದೆ.

ಇಂಟರ್‌ಲ್ಯೂಕಿನ್-6 ಅಳೆಯುವುದು ಇದಕ್ಕಿಂತ ಕಷ್ಟ. ಸಿಆರ್‌ಪಿಯ ಲೆಕ್ಕ ಲೀಟರಿಗೆ ಮಿಲಿಗ್ರಾಂಗಳಲ್ಲಿ. ಇದರದು ಲೀಟರಿಗೆ ನ್ಯಾನೊಗ್ರಾಂಗಳಲ್ಲಿ, ಅಂದರೆ ಹತ್ತು ಲಕ್ಷ ಪಟ್ಟು ಸಣ್ಣ ಮಾನದಲ್ಲಿ. ಅಂಥವಕ್ಕೆ 1971ರಲ್ಲಿ ಎಂಗ್ವಾಲ್ ಮತ್ತು ಪರ್ಲ್‌ಮನ್ ರೂಪಿಸಿದ ಎಲೈಸಾ ವಿಧಾನದಂಥವು ಬೇಕು. ಒಂದು ಪ್ರತಿಕಾಯ ಪ್ರೋಟೀನನ್ನು ಹಿಡಿದಿಡುತ್ತದೆ. ಕಿಣ್ವ ಹೊತ್ತ ಇನ್ನೊಂದು ಬಂದು ಅಂಟಿ ಬಣ್ಣ ಬರಿಸುತ್ತದೆ. ಬಣ್ಣ ಗಾಢವಾದಷ್ಟೂ ಪ್ರೋಟೀನ್ ಹೆಚ್ಚು.

ಹೊಸ ಪರೀಕ್ಷೆಯನ್ನು ಒರೆಗೆ ಹಚ್ಚುವ ಬಗೆ

ಪ್ರತಿಕಾಯ ಸಿಕ್ಕ ಮಾತ್ರಕ್ಕೆ ಪರೀಕ್ಷೆ ಸಿದ್ಧವಾಗುವುದಿಲ್ಲ. ಪ್ರಮಾಣ ಗೊತ್ತಿರುವ ದ್ರಾವಣಗಳಿಂದ ಮೊದಲು ಅಳತೆಯ ರೇಖೆ ಎಳೆಯಬೇಕು. ಒಂದೇ ಮಾದರಿಯನ್ನು ಮತ್ತೆ ಮತ್ತೆ, ಬೇರೆ ಬೇರೆ ದಿನ ಅಳೆದು ಉತ್ತರ ಎಷ್ಟು ಅಲ್ಲಾಡುತ್ತದೆ ನೋಡಬೇಕು. ಗೊತ್ತಿರುವಷ್ಟು ಪ್ರೋಟೀನ್ ಬೆರೆಸಿ, ಬೆರೆಸಿದ್ದು ಪೂರ್ತಿ ಲೆಕ್ಕಕ್ಕೆ ಸಿಗುತ್ತದೆಯೇ ಪರೀಕ್ಷಿಸಬೇಕು. ಒಡೆದ ರಕ್ತಕಣ, ಕೊಬ್ಬು, ಕಾಮಾಲೆಯ ಹಳದಿ ಅಂಶ ಅಡ್ಡ ಬರುತ್ತವೆಯೇ ಎಂಬುದೂ ಮುಖ್ಯ. ತೀವ್ರ ಇಲಿ ಜ್ವರದಲ್ಲಿ ಕಾಮಾಲೆ ಬರುವುದರಿಂದ ಮಲೆನಾಡಿಗೆ ಇದು ಬಿಡಬಾರದ ಪರೀಕ್ಷೆ. ಸಾಮಾನ್ಯ ಮಟ್ಟ ನಿಗದಿ ಮಾಡಲು ಕನಿಷ್ಠ 120 ಆರೋಗ್ಯವಂತರ ರಕ್ತ ಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ.

ಇನ್ನೊಂದು ಅಪಾಯ ಅತಿ ಹೆಚ್ಚು ಸಿಆರ್‌ಪಿಯದು. ಪ್ರೋಟೀನ್ ವಿಪರೀತವಾದರೆ ಪ್ರತಿಯೊಂದು ಪ್ರತಿಕಾಯವೂ ಒಂಟಿಯಾಗಿ ತುಂಬಿಹೋಗಿ, ಕಣಗಳನ್ನು ಜೋಡಿಸಲು ಕೈಯೇ ಉಳಿಯುವುದಿಲ್ಲ. ಆಗ ತೀವ್ರ ಕಾಯಿಲೆಯವರ ಸ್ಲೈಡ್ ಕೂಡ ‘ನೆಗೆಟಿವ್’ ಎಂದು ಕಾಣಬಹುದು. ಅದಕ್ಕೇ ಸಂಶಯ ಬಂದಾಗ ಸೀರಮ್ ತೆಳುವಾಗಿಸಿ ಮತ್ತೊಮ್ಮೆ ನೋಡಬೇಕು.

ಈ ಗುಡ್ಡಗಾಡಿನಲ್ಲಿ ದಾರಿಯೂ ಪರೀಕ್ಷೆಯ ಭಾಗ. ಹೆತ್ತೂರು, ಯಸಳೂರು ಕಡೆಯಿಂದ ಸಕಲೇಶಪುರಕ್ಕೆ, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೆ ಮಾದರಿ ಹೋಗಬೇಕಾದರೆ ಮಳೆ, ಕರೆಂಟ್ ಎರಡನ್ನೂ ಲೆಕ್ಕ ಹಾಕಬೇಕು. ಸಿಆರ್‌ಪಿ ಗಟ್ಟಿ ಪ್ರೋಟೀನ್. ಸೀರಮ್ ಬೇರ್ಪಡಿಸಿ ತಣ್ಣಗಿಟ್ಟರೆ ಕೆಲವು ದಿನ ಕೆಡುವುದಿಲ್ಲ. ಇಂಟರ್‌ಲ್ಯೂಕಿನ್-6ಕ್ಕೆ ಆ ತಾಳಿಕೆಯಿಲ್ಲ. ರಕ್ತ ತೆಗೆದ ಮೇಲೆ ಬೇಗ ಬೇರ್ಪಡಿಸದಿದ್ದರೆ ಸಂಖ್ಯೆಯೇ ಬದಲಾಗಬಹುದು. ತಾಲ್ಲೂಕು ಮಟ್ಟಕ್ಕೆ ಸಿಆರ್‌ಪಿಯೇ ಹೆಚ್ಚು ಹೊಂದುವುದು ಇದರಿಂದಲೇ.

ರಿಪೋರ್ಟ್ ಕೈಗೆ ಬಂದಾಗ

- ಮೊದಲು ಮಾನ ನೋಡಿ. ಕೆಲವು ಲ್ಯಾಬ್‌ಗಳು ಲೀಟರಿಗೆ, ಕೆಲವು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ ಕೊಡುತ್ತವೆ. ಡೆಸಿಲೀಟರಿನ 4.8 ಎಂದರೆ ಲೀಟರಿನ 48.
- ಹೋಲಿಸುವುದಾದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಒಂದು ಸಂಖ್ಯೆಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಹೆಚ್ಚು ತಿಳಿಸುತ್ತದೆ.
- ಜ್ವರ ಶುರುವಾದ ಗಂಟೆ ವೈದ್ಯರಿಗೆ ಹೇಳಿ. ಮೊದಲ ಕೆಲವು ಗಂಟೆಯ ಕಡಿಮೆ ಸಂಖ್ಯೆ ಧೈರ್ಯ ಕೊಡಲಾರದು.
- ಸಂಧಿವಾತಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ. ಅದಕ್ಕೆ ಕೊಡುವ ಟೋಸಿಲಿಜುಮಾಬ್ ಎಂಬ ಔಷಧಿ ಇಂಟರ್‌ಲ್ಯೂಕಿನ್-6ರ ಕೆಲಸವನ್ನೇ ತಡೆಯುವುದರಿಂದ, ಸೋಂಕಿದ್ದರೂ ಸಿಆರ್‌ಪಿ ಏರದಿರಬಹುದು. ಯಕೃತ್ತು ತೀರಾ ಹಾಳಾದವರಲ್ಲೂ ಹೀಗಾಗುತ್ತದೆ.

ಬ್ಯಾಕ್ಟೀರಿಯಾ ಸೋಂಕಿನಲ್ಲಿ ಸಿಆರ್‌ಪಿ ಸಾಮಾನ್ಯವಾಗಿ ಹೆಚ್ಚು ಏರುತ್ತದೆ, ವೈರಲ್ ಜ್ವರದಲ್ಲಿ ಕಡಿಮೆ. ಥಾಯ್ಲೆಂಡ್ ಮತ್ತು ಮ್ಯಾನ್ಮಾರ್‌ನ ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪರೀಕ್ಷೆ ಬಳಸಿದಾಗ ಆಂಟಿಬಯೋಟಿಕ್ ಬರೆಯುವುದು ಸ್ವಲ್ಪ ಮಟ್ಟಿಗೆ ತಗ್ಗಿತು. ಆದರೆ ಉರಿಯೂತ ಇದೆಯೇ ಎಂಬುದಕ್ಕಷ್ಟೇ ಸಿಆರ್‌ಪಿಯ ಉತ್ತರ. ಅದು ಇಲಿ ಜ್ವರವೋ ನ್ಯುಮೋನಿಯಾವೋ ಎಂದು ಹೇಳಲಾರದು. ಅದಕ್ಕೆ ಬೇರೆ ಪರೀಕ್ಷೆ, ವೈದ್ಯರ ಕಣ್ಣು ಕೈ ಎರಡೂ ಬೇಕು. ಜ್ವರದ ಜೊತೆ ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಉಸಿರು ಕಟ್ಟಿದರೆ, ಎಲ್ಲಿಂದಾದರೂ ರಕ್ತ ಬಂದರೆ ಯಾವ ರಿಪೋರ್ಟಿಗೂ ಕಾಯದೆ ಆಸ್ಪತ್ರೆ ಸೇರಬೇಕು.