ವಾರದ ಪಗಾರ, ವರ್ಷದ ಲೆಕ್ಕ

1904ರಲ್ಲಿ ಮೊದಲ ಪವರ್‌ಲೂಮ್ ಕಂಡ ಊರು ಇಚಲಕರಂಜಿ. ಅಲ್ಲಿ ನೇಯ್ದ ಬಟ್ಟೆಯ ಅಳತೆಗೆ ತಕ್ಕಂತೆ ಮಜೂರಿ, ಪಗಾರ ವಾರಕ್ಕೊಮ್ಮೆ. ಕರೆಂಟ್ ಹೋದರೆ, ನೂಲು ಬಾರದಿದ್ದರೆ ಮಗ್ಗ ನಿಲ್ಲುತ್ತದೆ. ಮನೆಯ ಒಲೆ ನಿಲ್ಲುವಂತಿಲ್ಲ. ಆಗ ಕೈಗಡವೇ ಗತಿ.

ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಸಣ್ಣದಾಗಿ ಕಾಣುತ್ತದೆ. ಆದರೆ 10,000 ರೂಪಾಯಿ ಸಾಲಕ್ಕೆ ವರ್ಷಕ್ಕೆ ಬಡ್ಡಿಯೇ 6,000. ಅಸಲು ಹಾಗೇ ಉಳಿಯಿತು!

ಪಗಾರ ಕೈಸೇರಿದ ದಿನವೇ, ಸಂತೆಗೆ ಹೋಗುವ ಮುನ್ನ, 100 ರೂಪಾಯಿ ಎತ್ತಿಡಿ. 52 ವಾರಕ್ಕೆ 5,200 ಆಗುತ್ತದೆ. ಸ್ವಸಹಾಯ ಸಂಘಕ್ಕೋ ಅಂಚೆ ಕಚೇರಿಯ ಉಳಿತಾಯ ಖಾತೆಗೋ ಕಟ್ಟಿ. ಮಗ್ಗ ನಿಂತ ವಾರ ಅದೇ ಆಸರೆ. ಗಂಡ-ಹೆಂಡತಿ ಕೂಡಿ ಲೆಕ್ಕ ಬರೆಯಿರಿ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕಹಾಕಬೇಕೆಂದು ಯೇಸುಸ್ವಾಮಿಯೇ ತಿಳಿಸಿದ್ದಾರೆ (ಲೂಕ 14:28). ಸಂಸಾರವೂ ಅಂಥದೇ ಗೋಪುರವಲ್ಲವೇ?