ದಾರಿಯಲ್ಲಿ ನಡೆಯುವವರಿಗೆ ವಾಹನ ಬಡಿದಾಗ

ಮುಂಜಾನೆಯ ಬಲಿಪೂಜೆಗಾಗಿ ಕತ್ತಲಿರುವಾಗಲೇ ಮನೆ ಬಿಟ್ಟು ಹೆದ್ದಾರಿಯ ಅಂಚು ಹಿಡಿದು ನಡೆಯುವ ಹಿರಿಯರು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಇಂದಿಗೂ ಇದ್ದಾರೆ. ಸೆಪ್ಟೆಂಬರ್ ತಿಂಗಳಲ್ಲಿ ಮೊಂತಿ ಹಬ್ಬದ ನೊವೆನಾಕ್ಕೆ ಹೂವು ಹಿಡಿದ ಮಕ್ಕಳೂ ಅದೇ ಅಂಚಿನಲ್ಲಿ ಸಾಗುತ್ತಾರೆ. ಮಳೆಗಾಲದ ಮಬ್ಬು, ಕಪ್ಪು ಕೊಡೆ, ಕಾಲುದಾರಿಯೇ ಇಲ್ಲದ ರಸ್ತೆ. ಇಂತಹ ಕಡೆ ಹಿಂದಿನಿಂದ ಬಂದ ಕಾರು ತಗಲಿ ಯಾರಾದರೂ ಉರುಳಿ ಬಿದ್ದರೆ ಮುಂದೆ ನಡೆಯುವುದು ಹೆಚ್ಚುಕಡಿಮೆ ಒಂದೇ ರೀತಿ. ಬಿದ್ದವರು ಎದ್ದು, ಸೀರೆಯ ಮಣ್ಣು ಕೊಡವಿ, "ಏನೂ ಆಗಿಲ್ಲ" ಎನ್ನುತ್ತಾರೆ. ಚಾಲಕ ಕೈಮುಗಿಯುತ್ತಾನೆ. ನೆರೆದವರಲ್ಲಿ ಒಬ್ಬರು ಐನೂರು ರೂಪಾಯಿ ಕೊಡಿಸಿ, ಪೊಲೀಸ್ ಠಾಣೆಯ ಅಲೆದಾಟ ಯಾರಿಗೂ ಬೇಡವೆಂದು ಸಮಾಧಾನ ಹೇಳುತ್ತಾರೆ. "ಪಾಪ, ಕ್ಷಮಿಸಿಬಿಡಿ" ಎಂಬ ಮಾತೂ ಬರುತ್ತದೆ. ಈ ಕೊನೆಯ ಮಾತನ್ನು ಕುರಿತು ಇಂದು ವಿಚಾರ ಮಾಡಬೇಕೆಂದಿದ್ದೇವೆ. ಅದಕ್ಕೆ ಮೊದಲು ದೇಹದ ವಿಷಯ.

ಏನೂ ಆಗಿಲ್ಲವೆಂದು ಆ ಕ್ಷಣದಲ್ಲಿ ಯಾರೂ ಹೇಳಲಾರರು. ಆಘಾತದ ಭರದಲ್ಲಿ ಮುರಿದ ಎಲುಬಿನ ನೋವೂ ತಿಳಿಯದಿರುವುದುಂಟು. ತಲೆಬುರುಡೆಯೊಳಗೆ ರಕ್ತ ಒಸರುತ್ತಿದ್ದರೂ ಮನುಷ್ಯ ಕೆಲವು ಗಂಟೆ ಸರಿಯಾಗಿಯೇ ಮಾತನಾಡಬಲ್ಲ. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಲ್ಲಿ, ಇದು ಗೋಚರವಾಗಲು ದಿನಗಳೂ ವಾರಗಳೂ ಹಿಡಿಯಬಹುದು. ಆದಕಾರಣ ಪೆಟ್ಟು ಸಣ್ಣದೆಂದು ತೋರಿದರೂ ವೈದ್ಯರಿಗೆ ತೋರಿಸಲೇಬೇಕು. ಮನೆಗೆ ಬಂದ ಮೇಲೂ ಒಂದೆರಡು ದಿನ ಅವರನ್ನು ಒಂಟಿಯಾಗಿ ಬಿಡಬಾರದು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಬಿಡದ ಮಂಪರು, ತೊದಲು ಮಾತು, ಕೈಕಾಲಿನ ಬಲಹೀನತೆ, ಹೊಟ್ಟೆನೋವು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬಿದ್ದವರು ಏಳಲಾರದೆ ಇದ್ದರೆ, ಕುತ್ತಿಗೆ ಅಥವಾ ಬೆನ್ನು ನೋಯುತ್ತಿದ್ದರೆ, ಎತ್ತಿ ರಿಕ್ಷಾದಲ್ಲಿ ಮುದುಡಿ ಕೂರಿಸುವ ಆತುರ ಬೇಡ. ಹಿಂದಿನಿಂದ ಬರುವ ವಾಹನಗಳನ್ನು ತಡೆದು, ಇದ್ದಲ್ಲೇ ಅಲುಗದಂತೆ ಇರಿಸಿ, 108 ಅಥವಾ 112ಕ್ಕೆ ಕರೆ ಮಾಡಬೇಕು. ರಕ್ತ ಸುರಿಯುವಲ್ಲಿ ಶುಭ್ರ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದರಾಯಿತು. ನಮ್ಮಲ್ಲಿ ಎರಡು ದುರಭ್ಯಾಸಗಳಿವೆ: ಬಾಯಿಗೆ ನೀರು ಹೊಯ್ಯುವುದು, ಊದಿದ ಜಾಗಕ್ಕೆ ಎಣ್ಣೆ ತಿಕ್ಕುವುದು. ಎರಡೂ ಪ್ರೀತಿಯಿಂದಲೇ ನಡೆಯುತ್ತವೆ, ಎರಡೂ ಅಪಾಯಕರ.

ನೆರವಿಗೆ ಹೋದರೆ ತಮ್ಮ ತಲೆಗೇ ಸುತ್ತಿಕೊಳ್ಳುತ್ತದೆಂಬ ಭಯ ಇನ್ನೂ ಹೋಗಿಲ್ಲ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾನೂನಿನ ವಿಧಿಗಳು ಅನಂತರ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲೇ ವೈದ್ಯರಿಗೆ ತಿಳಿಸಿತ್ತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ವಿಧಿ ಸೇರಿ, ಸದ್ಭಾವದಿಂದ ನೆರವಾದವರಿಗೆ ರಕ್ಷಣೆ ದೊರೆತಿದೆ. ಹೆಸರು, ವಿಳಾಸ ಕೊಡಬೇಕೆಂದು ಅವರನ್ನು ಬಲವಂತಪಡಿಸುವಂತಿಲ್ಲ. ಸಂತ ಲೂಕರ ಶುಭಸಂದೇಶದ ಸಮಾರಿಯದವನ ಹೆಸರೂ ಯಾರಿಗೂ ತಿಳಿಯದು! 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಜಾರಿಗೆ ತಂದ ಯೋಜನೆಯಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು.

ಆಸ್ಪತ್ರೆಯಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪೊಂದಿದೆ. ಪೊಲೀಸರು ಬರುವುದು ಬೇಡವೆಂದು "ಬಚ್ಚಲಿನಲ್ಲಿ ಜಾರಿ ಬಿದ್ದರು" ಎಂದು ಬರೆಸಿಬಿಡುತ್ತಾರೆ. ಸೊಂಟದ ಎಲುಬು ಮುರಿದಿದೆ, ಶಸ್ತ್ರಚಿಕಿತ್ಸೆ ಆಗಬೇಕು ಎಂದು ಆಮೇಲೆ ತಿಳಿದಾಗ ಆ ಒಂದು ಸಾಲು ಅವರಿಗೇ ಅಡ್ಡ ನಿಲ್ಲುತ್ತದೆ. ದಾಖಲೆ ಬಚ್ಚಲನ್ನು ಹೇಳುತ್ತಿರುವಾಗ ಕಾರಿನ ಕಥೆಯನ್ನು ನ್ಯಾಯಮಂಡಳಿ ನಂಬುವುದು ಹೇಗೆ? ನಡೆದುದನ್ನು ನಡೆದಂತೆಯೇ ಬರೆಸಿರಿ. ವಾಹನದ ಸಂಖ್ಯೆ, ಸಮಯ, ಸ್ಥಳ, ಕಂಡವರ ಹೆಸರು ಬರೆದಿಟ್ಟುಕೊಳ್ಳಿರಿ. ಹತ್ತಿರದ ಅಂಗಡಿಯ ಕ್ಯಾಮೆರಾದಲ್ಲಿ ದೃಶ್ಯವಿದ್ದರೆ ಅದು ಅಳಿಯುವ ಮೊದಲೇ ಪೊಲೀಸರಿಗೆ ತಿಳಿಸಿರಿ. ದೂರು ಯಾವ ಠಾಣೆಯಲ್ಲೂ ಕೊಡಬಹುದು, ಎಫ್.ಐ.ಆರ್. ಪ್ರತಿ ಉಚಿತ.

ಇನ್ನು ಕ್ಷಮೆಯ ಮಾತು. ದೂರು ಕೊಟ್ಟರೆ ಬಡ ಚಾಲಕನ ಹೊಟ್ಟೆಯ ಮೇಲೆ ಹೊಡೆದಂತೆ ಎಂದು ಭಾವಿಸುವವರಿದ್ದಾರೆ. ಆದರೆ ಪ್ರತಿ ವಾಹನಕ್ಕೂ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ವಿಮೆ ಚಾಲ್ತಿಯಲ್ಲಿದ್ದರೆ ನ್ಯಾಯಮಂಡಳಿ ವಿಧಿಸಿದ ಪರಿಹಾರವನ್ನು ಸಾಮಾನ್ಯವಾಗಿ ಕೊಡುವುದು ವಿಮಾ ಸಂಸ್ಥೆ. ಹಾಗೆ ನೋಡಿದರೆ ಐನೂರು ರೂಪಾಯಿಯ ರಾಜಿಯಲ್ಲಿಯೇ ಚಾಲಕನ ಜೇಬಿಗೆ ಕೈಹಾಕುವುದು. ಗಾಯಾಳುವನ್ನು ಚಿಕಿತ್ಸೆಗೆ ಒಯ್ಯುವುದು, ಪೊಲೀಸರಿಗೆ ತಿಳಿಸುವುದು 134ನೆಯ ವಿಧಿಯಂತೆ ಚಾಲಕನ ಕರ್ತವ್ಯವೇ ಆಗಿದೆ. ಅದನ್ನು ಮಾಡೆಂದು ಹೇಳುವುದು ಹಗೆತನವಾಗದು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ನ್ಯಾಯಕ್ಕೆ ವಿರುದ್ಧವಾದ ತಪ್ಪು ಮಾಡಿದವನು ಕ್ಷಮೆ ಪಡೆದಿದ್ದರೂ ಹಾನಿ ತುಂಬಿಕೊಡುವ ಹೊಣೆಯಿಂದ ಬಿಡುಗಡೆ ಹೊಂದುವುದಿಲ್ಲವೆಂದು ಬೋಧಿಸುತ್ತದೆ. ಕುಡಿತದಿಂದಲೋ ವೇಗದ ಮೋಹದಿಂದಲೋ ರಸ್ತೆಯಲ್ಲಿ ಪರರ ಪ್ರಾಣಕ್ಕೆ ಅಪಾಯ ತರುವುದನ್ನು ಗುರುತರ ದೋಷವೆಂದೂ ಎಣಿಸುತ್ತದೆ. 2007ರಲ್ಲಿ ವ್ಯಾಟಿಕನ್ ಹೊರಡಿಸಿದ ರಸ್ತೆಯ ಕುರಿತ ಮಾರ್ಗಸೂಚಿಯಲ್ಲಿ ತಪ್ಪಿತಸ್ಥ ಚಾಲಕನನ್ನೂ ನೊಂದವರನ್ನೂ ಸಂಧಿಸುವಂತೆ ಮಾಡಿ ಎಂಬ ಸಲಹೆಯಿದೆ. ಆದರೆ ಅದು ತಕ್ಕ ಸಮಯದಲ್ಲಿ ಆಗಬೇಕೆಂದಿದೆ. ರಸ್ತೆಯ ಬದಿಯಲ್ಲಿ, ಎಕ್ಸ್‌ರೇ ತೆಗೆಯುವ ಮೊದಲೇ, ಆ ಸಮಯ ಬಂದಿರುವುದಿಲ್ಲ.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ದಾರಿ ಮುಚ್ಚಿಲ್ಲ. 2022ರ ಏಪ್ರಿಲ್‌ನಿಂದ ಅಂತಹ ಪ್ರಕರಣಗಳಲ್ಲಿ ಮೃತರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಗೊಂಡವರಿಗೆ 50 ಸಾವಿರ ರೂಪಾಯಿ ನಿಗದಿಯಾಗಿದೆ. ವಾಹನ ತಿಳಿದಿದ್ದರೆ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಕಾಯಿದೆ ಹೇಳುವ ಅವಧಿ ಅಪಘಾತದಿಂದ 6 ತಿಂಗಳು. ನೋವು ಮಾಗಲಿ, ಹಬ್ಬ ಕಳೆಯಲಿ, ಗಲ್ಫಿನಿಂದ ಮಗ ಬರಲಿ ಎನ್ನುವಷ್ಟರಲ್ಲಿ ಅದು ಕಳೆದುಹೋಗುತ್ತದೆ. ಒಂಟಿಯಾಗಿರುವ ವೃದ್ಧೆ ಠಾಣೆಗೂ ವಕೀಲರಲ್ಲಿಗೂ ಓಡಾಡುವುದು ಸಾಧ್ಯವೇ? ಆಸ್ಪತ್ರೆಯ ರಸೀದಿ, ಬಿಡುಗಡೆ ಪತ್ರ, ಎಫ್.ಐ.ಆರ್. ಪ್ರತಿಗಳನ್ನು ಒಂದು ಕಡತದಲ್ಲಿ ಕೂಡಿಸಿ ಅವರ ಜೊತೆ ಹೋಗಿಬರಲು ವಾಳೆಯ ಗುರ್ಕಾರರೋ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರೋ ಮುಂದಾಗಬಹುದು. ಕಾಯಿಲೆಯವರ ಮನೆಗೆ ಹಣ್ಣು ಹಿಡಿದು ಹೋಗುವ ವಾಡಿಕೆ ಹೇಗೂ ಇದೆ. ಈ ಬಾರಿ ಒಂದು ಕಡತವನ್ನೂ ಒಯ್ದರಾಯಿತು.