ಮನೆಗೊಂದು ಬೇಬಿ ಮಾನಿಟರ್: ಕೊಳ್ಳುವ ಮುನ್ನ, ಮಾರುವ ಮುನ್ನ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಂತಹ ಊರುಗಳಲ್ಲಿ ಕೆಳಗೆ ಅಂಗಡಿ ಅಥವಾ ಸಣ್ಣ ಘಟಕ, ಮೇಲೆ ವಾಸದ ಮನೆ ಇರುವುದು ಅಪರೂಪವಲ್ಲ. ದಂಪತಿಗಳಿಬ್ಬರೂ ವ್ಯವಹಾರದಲ್ಲಿ ತೊಡಗಿರುವಾಗ ಮೇಲಿನ ಕೋಣೆಯ ಕೂಸಿನ ಅಳು ಯಂತ್ರದ ಸದ್ದಿನಲ್ಲಿ ಕೇಳಿಸದೆ ಹೋಗಬಹುದು. ಈ ಕೊರತೆಯನ್ನು ನೀಗಿಸುವ ಸಾಧನವೇ ಬೇಬಿ ಮಾನಿಟರ್. ಇದು ದೂರದ ದನಿಯನ್ನು ಹತ್ತಿರ ತರುತ್ತದೆಯೇ ಹೊರತು ಮಗುವನ್ನು ಕಾಯುವುದಿಲ್ಲ ಎಂಬ ಅರಿವು ಕೊಳ್ಳುವವರಿಗೂ ಮಾರುವವರಿಗೂ ಇರಬೇಕು.

ಈ ಸಾಧನ ಹೊಸದೇನಲ್ಲ. ಅಮೆರಿಕದಲ್ಲಿ 1932ರಲ್ಲಿ ನಡೆದ ಲಿಂಡ್‌ಬರ್ಗ್ ಶಿಶುವಿನ ಅಪಹರಣದ ತರುವಾಯ, ಜೆನಿತ್ ಕಂಪನಿಗಾಗಿ ಶಿಲ್ಪಿ ಇಸಾಮು ನೊಗುಚಿ 1937ರಲ್ಲಿ 'ರೇಡಿಯೊ ನರ್ಸ್' ಎಂಬ ಸಾಧನವನ್ನು ವಿನ್ಯಾಸಗೊಳಿಸಿದರು. ಅದು ಮನೆಯ ವಿದ್ಯುತ್ ತಂತಿಗಳ ಮೂಲಕವೇ ದನಿಯನ್ನು ಸಾಗಿಸುತ್ತಿತ್ತು.

ಆಯ್ಕೆ ಹೇಗೆ?

ಇಂದು ದೊರೆಯುವ ಮಾನಿಟರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ: ದನಿ ಮಾತ್ರ ಕೇಳಿಸುವವು, ಸ್ವಂತ ಪರದೆಯಲ್ಲಿ ಚಿತ್ರ ತೋರಿಸುವವು, ಅಂತರಜಾಲದ ಮೂಲಕ ಮೊಬೈಲಿಗೆ ಚಿತ್ರ ಕಳುಹಿಸುವವು. ಒಂದೇ ಕಟ್ಟಡದೊಳಗಿನ ಬಳಕೆಗೆ ಮೊದಲ ಎರಡು ಬಗೆಗಳೇ ಸಾಕು. ಮೂರನೆಯದು ಅಂತರಜಾಲ ಕಡಿತಗೊಂಡರೆ ಕೈಕೊಡಬಹುದು. ಗೋಪ್ಯತೆಯ ಅಪಾಯವೂ ಉಂಟು. 2013ರಲ್ಲಿ ಹ್ಯೂಸ್ಟನ್ ನಗರದ ಮನೆಯೊಂದರಲ್ಲಿ ಅಪರಿಚಿತನೊಬ್ಬ ಇಂತಹ ಕ್ಯಾಮೆರಾದೊಳಗೆ ನುಸುಳಿ ಮಗುವಿನ ಕೋಣೆಯಲ್ಲಿ ಕೂಗಾಡಿದ ಪ್ರಕರಣ ವರದಿಯಾಗಿತ್ತು. ಆದ್ದರಿಂದ ತಯಾರಕರು ನೀಡಿದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸತಕ್ಕದ್ದು.

ಪೆಟ್ಟಿಗೆಯ ಮೇಲೆ ಮುದ್ರಿಸಿದ ದೂರ ಸಾಮಾನ್ಯವಾಗಿ ಬಯಲಿನ ಲೆಕ್ಕ. ಕಾಂಕ್ರೀಟ್ ಛಾವಣಿ, ಕಬ್ಬಿಣದ ಶಟರ್, ಬೀರು ಇವು ತರಂಗಗಳನ್ನು ಕುಗ್ಗಿಸುತ್ತವೆ. 2.4 ಗಿಗಾಹರ್ಟ್ಸ್‌ನ ಸಾಧನಗಳಿಗೆ ವೈಫೈ, ಮೈಕ್ರೋವೇವ್ ಒಲೆಗಳೂ ಅಡ್ಡಿಯಾಗಬಲ್ಲವು. ವಿದ್ಯುತ್ ಕಡಿತ ಸಾಮಾನ್ಯವಾದ ಕಡೆ ಎರಡೂ ಘಟಕಗಳಿಗೆ ಬ್ಯಾಟರಿ ಇರಬೇಕು. ಸಂಪರ್ಕ ತಪ್ಪಿದಾಗ ಎಚ್ಚರಿಸುವ ಸದ್ದೂ ಅಗತ್ಯ. ಇಲ್ಲವಾದರೆ ಸಾಧನದ ಮೌನವನ್ನು ಮಗುವಿನ ನಿದ್ರೆಯೆಂದು ತಿಳಿಯುವ ಅಪಾಯವಿದೆ. ಯಂತ್ರದ ಸದ್ದಿರುವೆಡೆ ದನಿಯೊಡನೆ ಬೆಳಕಿನ ಸೂಚನೆ ಅಥವಾ ಕಂಪನವೂ ಇರುವ ಮಾದರಿ ಉತ್ತಮ.

ಬಳಕೆಯಲ್ಲಿ ಎಚ್ಚರ

ಸಾಧನವನ್ನೂ ಅದರ ತಂತಿಯನ್ನೂ ತೊಟ್ಟಿಲಿನಿಂದ ಕನಿಷ್ಠ 1 ಮೀಟರ್ ದೂರವಿಡಬೇಕು. ತಂತಿ ಕುತ್ತಿಗೆಗೆ ಸುತ್ತಿ ಇಬ್ಬರು ಶಿಶುಗಳು ಸಾವಿಗೀಡಾದ ನಂತರ, 2011ರಲ್ಲಿ ಅಮೆರಿಕದಲ್ಲಿ ಸುಮಾರು 17 ಲಕ್ಷ ವಿಡಿಯೊ ಮಾನಿಟರ್‌ಗಳ ವಿಷಯದಲ್ಲಿ ಹಿಂಪಡೆತದ ಪ್ರಕಟಣೆ ಹೊರಡಿಸಬೇಕಾಯಿತು. ಉಸಿರಾಟ, ನಾಡಿ ಅಳೆಯುವ ಗೃಹಸಾಧನಗಳು ಶಿಶುವಿನ ಹಠಾತ್ ಮರಣವನ್ನು ತಡೆಯುತ್ತವೆಂದು ನಂಬಿ ಮೈಮರೆಯುವುದು ಸಲ್ಲದು. ಮಗುವನ್ನು ಅಂಗಾತ, ಗಟ್ಟಿ ಹಾಸಿಗೆಯ ಮೇಲೆ ಮಲಗಿಸುವುದೇ ಮಕ್ಕಳ ತಜ್ಞರ ಸಲಹೆ.

ವರ್ತಕರ ಹೊಣೆ

ಆಮದು ಮಾಡುವವರು ನಿಸ್ತಂತು ಸಾಧನಗಳಿಗೆ ಬೇಕಾದ ಕೇಂದ್ರ ಸರ್ಕಾರದ ಡಬ್ಲ್ಯುಪಿಸಿ ವಿಭಾಗದ ಅನುಮೋದನೆಯನ್ನು ಖಚಿತಪಡಿಸಿಕೊಳ್ಳಬೇಕು. ವಿದೇಶದಿಂದ ಬಂಧುಗಳು ತಂದ ಸಾಧನವಾದರೆ ಅಡಾಪ್ಟರ್ ನಮ್ಮ 230 ವೋಲ್ಟ್‌ಗೆ ಹೊಂದುವುದೇ ಎಂದು ನೋಡಬೇಕು. ಮಾರಾಟಗಾರರು ತಂತಿಯ ಅಂತರ, ಪಾಸ್‌ವರ್ಡ್, ಬ್ಯಾಟರಿ ಈ ಮೂರನ್ನು ಗಿರಾಕಿಗೆ ವಿವರಿಸಿ, ಮನೆಯಲ್ಲಿ ಪರೀಕ್ಷಿಸಿ ಹಿಂದಿರುಗಿಸಲು ಕೆಲವು ದಿನಗಳ ಅವಕಾಶ ನೀಡಿದರೆ ವಿಶ್ವಾಸ ಬೆಳೆಯುತ್ತದೆ. ಕೊಂಡವರೂ ಅಷ್ಟೆ, ಯಂತ್ರಗಳು ಓಡುತ್ತಿರುವಾಗಲೇ ಒಬ್ಬರು ಮೇಲೆ ನಿಂತು ಮಾತನಾಡಿ, ಇನ್ನೊಬ್ಬರು ಕೆಳಗೆ ಆಲಿಸಿ ಪರೀಕ್ಷಿಸಿದ ಬಳಿಕವೇ ಸಾಧನವನ್ನು ಬಳಕೆಗೆ ತರುವುದು ಕ್ಷೇಮ.